ಬಾಲಿದ್ವೀಪದ ಭೋಜನಶಾಲೆ

ಊರು ಬಿಟ್ಟು ಊರಿಗೆ ಹೋದವನು ಅಲ್ಲಿನ ದೇವಾಲಯವನ್ನು ನೋಡುತ್ತಾನೆ, ಅರಮನೆಯನ್ನು ನೋಡುತ್ತಾನೆ, ಹೊತ್ತಾದಾಗ ಹೋಟೆಲನ್ನು ಹುಡುಕಿಕೊಂಡು ಹೋಗುತ್ತಾನೆ. ದೇವಾಲಯಕ್ಕೂ ಅರಮನೆಗೂ ಚರಿತ್ರೆಯುಂಟೆಂಬುದನ್ನು ಅವನು ಬಲ್ಲ. ಹಸಿದ ಹೊಟ್ಟೆಗೆ ಹೋಟೆಲಿನ ಚರಿತ್ರೆ ನೆನಪಾಗುವುದಿಲ್ಲ. ಬಾಲಿದ್ವೀಪದ ಮಟ್ಟಿಗೆ ಮಾತ್ರ ಈ ಮರೆವು ಸಲ್ಲದು. ಅಲ್ಲಿ ಮೊದಲ ದೊಡ್ಡ ಹೋಟೆಲು ಸುಟ್ಟ ಅರಮನೆಯೊಂದರ ನೆರೆಯಲ್ಲಿ ಎದ್ದು ನಿಂತಿತು. ಮೇಜು ಕುರ್ಚಿ ಹಾಕಿ, ಊಟದ ಪಟ್ಟಿ ಮುಂದಿಟ್ಟು, ಹೊರಗಿನಿಂದ ಬಂದವರಿಗೆ ಬಾಲಿಯದೇ ಅಡುಗೆಯನ್ನು ಬಡಿಸುವ ಭೋಜನಶಾಲೆಯಂತೂ ಇನ್ನೂ ಈಚಿನದು. ಅದರ ವಯಸ್ಸು ಐವತ್ತು ವರ್ಷದ ಆಚೀಚೆ. ಅದಕ್ಕೆ ಹಿಂದೆ ಆ ಜನ ಏನನ್ನು ಉಣ್ಣುತ್ತಿದ್ದರು, ಯಾರೊಡನೆ ಉಣ್ಣುತ್ತಿದ್ದರು, ಅಡುಗೆಗೆ ಕೈ ಹಾಕುತ್ತಿದ್ದವರು ಯಾರು ಎಂಬುದನ್ನು ತಿಳಿದುಕೊಂಡರೆ, ಇಂದು ಆ ಮೇಜಿನ ಮೇಲೆ ಬಂದು ಕೂಡುವ ತಟ್ಟೆ ಬೇರೆಯಾಗಿಯೇ ಕಾಣುತ್ತದೆ.

ತಟ್ಟೆಯ ಮಾತು ಬಂದಿತು, ಅಲ್ಲಿಂದಲೇ ಆರಂಭಿಸಬಹುದು. ಬಾಲಿಯ ಉತ್ತರ ತೀರದಲ್ಲಿ ಸೆಂಬಿರನ್ ಎಂಬ ಹಳ್ಳಿಯಿದೆ. 1980ರ ದಶಕದ ಕೊನೆಯಲ್ಲಿ ಇ ವಾಯನ್ ಅರ್ದಿಕ ಎಂಬ ಅಲ್ಲಿಯ ವಿದ್ವಾಂಸರು ಅಲ್ಲಿ ಭೂಶೋಧನೆ ನಡೆಸಿದಾಗ ನೆಲದ ಆಳದಲ್ಲಿ ಭಾರತದ ಮಣ್ಣಿನ ತಟ್ಟೆಗಳ ಚೂರುಗಳು ಸಿಕ್ಕಿದುವು. ತಳದ ಒಳಮೈಯಲ್ಲಿ ಸಣ್ಣ ಚುಕ್ಕೆಗೀರುಗಳ ಬಳೆಗಳಿರುವ, ನುಣುಪಾದ ತಟ್ಟೆಗಳು ಇವು. ಪುದುಚೇರಿಯ ಬಳಿಯ ಅರಿಕಮೇಡಿನಲ್ಲಿ ದೊರೆತುವೂ ಇದೇ ಜಾತಿಯವು. 1947ರಲ್ಲಿ ವೀಲರ್ ಸಾಹೇಬರು ನಮ್ಮ ಚಿತ್ರದುರ್ಗದ ಚಂದ್ರವಳ್ಳಿಯನ್ನು ಅಗೆಸಿದಾಗಲೂ ಇಂಥವೇ ಹೊರಬಿದ್ದಿದ್ದುವು. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ, ಚಂದ್ರವಳ್ಳಿಯವನೂ ಸೆಂಬಿರನ್ನಿನವನೂ ಒಂದೇ ಬಗೆಯ ತಟ್ಟೆಯನ್ನು ಕೈಯಲ್ಲಿ ಹಿಡಿದಿದ್ದರೆಂದರೆ ಸೋಜಿಗವಲ್ಲವೆ?

ತಟ್ಟೆಯ ಹಿಂದೆಯೇ ದೇವರುಗಳೂ ಹೋದರು. ಸಾನೂರಿನ ಬ್ಲಾಂಜೊಂಗ್ ಕಂಬದ ಮೇಲೆ ಶ್ರೀ ಕೇಸರಿ ವರ್ಮದೇವನೆಂಬ ಅರಸನ ಶಾಸನವಿದೆ. ಅದರ ಕಾಲ ಶಕವರ್ಷ 835, ಎಂದರೆ ಕ್ರಿ.ಶ. 914. ಆ ಹೊತ್ತಿಗೆ ಇಲ್ಲಿ ರಾಷ್ಟ್ರಕೂಟರು ತಮ್ಮ ಶಾಸನಗಳಲ್ಲಿ ಅದೇ ಶಕವರ್ಷವನ್ನು ಎಣಿಸುತ್ತಿದ್ದರು. ದ್ವೀಪದ ಹೆಸರು ಆ ಕಂಬದಲ್ಲಿ ‘ವಲಿದ್ವೀಪ’ ಎಂದು ಬಂದಿದೆ. ಶಿವ ಹೋದ, ದುರ್ಗೆ ಹೋದಳು, ರಾಮಾಯಣ ಹೋಯಿತು, ಭಾರತ ಹೋಯಿತು, ಪಂಚಾಂಗವೂ ಹೋಯಿತು. ತುಪ್ಪ ಮಾತ್ರ ಹೋಗಲಿಲ್ಲ. ಬಾಲಿಯ ಹಳೆಯ ಅಡುಗೆಯಲ್ಲಿ ಹಾಲಿಲ್ಲ, ಮೊಸರಿಲ್ಲ, ಬೇಳೆಯ ಸಾರಿಲ್ಲ, ಸಾಸಿವೆಯ ಒಗ್ಗರಣೆಯಿಲ್ಲ. ಹಿಂದೂಗಳ ನಾಡು ಎಂದುಕೊಂಡು ನಮ್ಮ ಊಟವನ್ನು ಅಲ್ಲಿ ಹುಡುಕುವ ಪ್ರವಾಸಿಗ ಮೊದಲು ತಬ್ಬಿಬ್ಬಾಗುವುದು ಇಲ್ಲಿಯೇ. ಹಂದಿ, ಬಾತುಕೋಳಿ, ಮೀನು, ತೆಂಗು, ಸೊಪ್ಪು, ಅನ್ನ, ಇವು ಆ ಅಡುಗೆಯ ಆಧಾರ. ಪೂಜೆ ಒಂದೇ ಬಗೆಯದಾದ ಮಾತ್ರಕ್ಕೆ ಒಲೆಯೂ ಒಂದೇ ಬಗೆಯದಾಗಬೇಕೆಂದು ಯಾವ ಶಾಸ್ತ್ರವೂ ಹೇಳಿಲ್ಲ.

ಆ ಅಡುಗೆಯ ಪ್ರಾಣ ‘ಬಾಸೆ ಗೆನೆಪ್’ ಎಂಬ ಮಸಾಲೆ. ಗೆನೆಪ್ ಎಂದರೆ ಪೂರ್ಣ, ಪರಿಪೂರ್ಣ. ಶುಂಠಿ, ಅರಿಸಿನ, ಅದರ ದಾಯಾದಿಗಳಾದ ಇನ್ನೆರಡು ಗೆಡ್ಡೆಗಳು, ಕೆಂಪು ಈರುಳ್ಳಿ, ಬೆಳ್ಳುಳ್ಳಿ, ಕೊತ್ತಂಬರಿ, ಕರಿಮೆಣಸು, ಮೆಣಸಿನಕಾಯಿ, ಒಣಸೀಗಡಿಯನ್ನು ಕೊಳೆಯಿಸಿ ಮಾಡಿದ ತೆರಾಸಿ ಎಂಬ ಮುದ್ದೆ, ಎಲ್ಲವನ್ನೂ ಕತ್ತಿಯಿಂದ ಕೊಚ್ಚಿ, ಕಲ್ಲಿನಲ್ಲಿ ಅರೆದು, ಕೊಬ್ಬರಿಯೆಣ್ಣೆಯಲ್ಲಿ ಹುರಿಯುತ್ತಾರೆ. ಇಲ್ಲಿ ಭಾಷೆಯ ಒಂದು ಸ್ವಾರಸ್ಯವನ್ನು ಹೇಳದೆ ಮುಂದೆ ಹೋಗಲಾರೆ. ಮೆಣಸಿನಕಾಯಿ ಅಮೆರಿಕದ ಗಿಡ; 1492ರ ನಂತರವೇ ಅದು ಏಷ್ಯದ ಮುಖ ಕಂಡದ್ದು. ಹೊಸ ಖಾರ ಬಂದಾಗ ನಾವು ನಮ್ಮ ಹಳೆಯ ಖಾರವಾದ ಮೆಣಸಿನ ಹೆಸರನ್ನೇ ಅದಕ್ಕೆ ಕೊಟ್ಟು ‘ಮೆಣಸಿನಕಾಯಿ’ ಎಂದೆವು. ಬಾಲಿಯವರೂ ಮಾಡಿದ್ದು ಅದನ್ನೇ. ‘ತಬಿಯ’ ಎಂಬುದು ಅಲ್ಲಿ ಹಿಪ್ಪಲಿಯ ಹೆಸರಾಗಿತ್ತು. ಹೊಸಬ ಅದನ್ನು ಕಸಿದುಕೊಂಡ ಮೇಲೆ ಹಿಪ್ಪಲಿ ‘ತಬಿಯ ಬುನ್’, ಎಂದರೆ ಬಳ್ಳಿಯ ತಬಿಯ, ಎಂದು ಕರೆಸಿಕೊಂಡು ಮೂಲೆಗೆ ಸರಿಯಿತು. ಹೊರಗಿನಿಂದ ಬಂದವನು ಮನೆಯ ಯಜಮಾನನ ಹೆಸರನ್ನೇ ತೆಗೆದುಕೊಂಡ ಕಥೆ ಇದು.

ಇನ್ನು ಉಣ್ಣುವ ರೀತಿ. ಬಾಲಿಯ ಮನೆಯಲ್ಲಿ ಬೆಳಗಿನ ಹೊತ್ತು ಒಮ್ಮೆ ಅಡುಗೆಯಾಗುತ್ತದೆ. ಆದ ಕೂಡಲೇ ಯಾರೂ ಉಣ್ಣುವಂತಿಲ್ಲ. ಬಾಳೆಯೆಲೆಯ ತುಣುಕುಗಳ ಮೇಲೆ ಒಂದೊಂದು ಚಿಟಿಕೆ ಅನ್ನವಿಟ್ಟು ಒಲೆಗೆ, ನೀರಿನ ಎಡೆಗೆ, ಅಂಗಳಕ್ಕೆ, ಬಾಗಿಲಿಗೆ ಕೊಡಬೇಕು. ನಮ್ಮ ಹಿರಿಯರ ವೈಶ್ವದೇವವನ್ನೂ ಬಲಿಹರಣವನ್ನೂ ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅನಂತರ ಹಸಿದವರು ಹಸಿದಾಗ ಬಂದು, ತಮಗೆ ಬೇಕಾದಷ್ಟು ಬಡಿಸಿಕೊಂಡು, ಒಂದು ಮೂಲೆಯಲ್ಲಿ ಕುಳಿತು ಮಾತಿಲ್ಲದೆ ಉಂಡು ಎದ್ದು ಹೋಗುತ್ತಾರೆ. ಮನೆಮಂದಿಯೆಲ್ಲ ಒಟ್ಟಿಗೆ ಸುತ್ತ ಕುಳಿತು ಹರಟುತ್ತ ಉಣ್ಣುವುದು ನಿತ್ಯದ ರೂಢಿಯಲ್ಲ. ದಿನನಿತ್ಯದ ಊಟ ಅವರಿಗೆ ಸ್ನಾನದಂತೆ: ಅವರವರ ಪಾಡಿಗೆ ಮುಗಿಸಬೇಕಾದ ಕೆಲಸ.

ಒಟ್ಟಿಗೆ ಉಣ್ಣುವುದೇನಿದ್ದರೂ ದೇವರ ನಿಮಿತ್ತ. ಅಂಥ ದಿನ ಒಲೆಯ ಯಜಮಾನಿಕೆಯೇ ಬದಲಾಗುತ್ತದೆ. ನಿತ್ಯದ ಅಡುಗೆ ಹೆಂಗಸರದು. ಹಬ್ಬದ ಮಾಂಸದಡುಗೆ ಗಂಡಸರದು. ಬಂಜಾರ್ ಎಂದರೆ ಕೇರಿಯ ಕೂಟ. ಅದರ ಗಂಡಸರು ಬೆಳಕು ಹರಿಯುವ ಮೊದಲೇ ತಂತಮ್ಮ ಕತ್ತಿಗಳೊಡನೆ ಸೇರುತ್ತಾರೆ. ಹುಣಿಸೆಮರದ ಕೊರಡುಗಳನ್ನು ಮುಂದಿಟ್ಟುಕೊಂಡು ಸಾಲಾಗಿ ಕುಳಿತು ಮಾಂಸವನ್ನೂ ಗೆಡ್ಡೆಗಳನ್ನೂ ಕೊಚ್ಚುತ್ತಾರೆ. ಆ ಸದ್ದು ಕೇರಿಯ ಕೊನೆಗೂ ಕೇಳುತ್ತದೆ. ಕೊಚ್ಚಿದ ಮಾಂಸ, ಸುಟ್ಟ ತೆಂಗಿನ ತುರಿ, ಬೇಯಿಸಿದ ತರಕಾರಿ, ಮಸಾಲೆ, ಕೆಲವೊಮ್ಮೆ ಹಸಿನೆತ್ತರು, ಇವನ್ನೆಲ್ಲ ಕೈಯಲ್ಲಿ ಕಲಸಿದರೆ ‘ಲಾವಾರ್’ ಸಿದ್ಧವಾಗುತ್ತದೆ. ಕಲಸುವವನು ಕೇರಿಗೆಲ್ಲ ಹೆಸರಾದ ಹಿರಿಯ. ಉಪ್ಪು ಸಾಲದೆಂದು ಹೇಳುವ ಅಧಿಕಾರ ಅವನೊಬ್ಬನದು. ಲಾವಾರ್ ಕೆಲವು ಗಂಟೆಗಳಲ್ಲಿ ಕೆಟ್ಟು ಹೋಗುವ ಪದಾರ್ಥ. ನಾಳೆಗೆ ಇಡಲು ಬರುವುದಿಲ್ಲ, ದೂರಕ್ಕೆ ಒಯ್ಯಲು ಬರುವುದಿಲ್ಲ. ದೇವರಿಗೆ ತೋರಿಸಿ, ಕೇರಿಯವರೆಲ್ಲ ಪಾಲು ಹಂಚಿಕೊಂಡು ಮುಗಿಸಲೇಬೇಕು. ಅದರ ಗುಣವೇ ಅದನ್ನು ಮಾರಾಟದಿಂದ ಕಾಪಾಡಿತ್ತೆಂದು ನನಗೆ ತೋರುತ್ತದೆ.

‘ಬೆತುತು’ ಎಂಬ ಬಾತುಕೋಳಿಯ ಅಡುಗೆಯೂ ಅಂಥದೇ. ಹೊಟ್ಟೆಯೊಳಗೆ ಮಸಾಲೆ ತುಂಬಿ, ಬಾಳೆಯೆಲೆಯಲ್ಲಿ ಸುತ್ತಿ, ಮೇಲೆ ಅಡಿಕೆಹಾಳೆ ಕಟ್ಟಿ, ಭತ್ತದ ಹೊಟ್ಟಿನ ಕೆಂಡದಲ್ಲಿ ಹೂತಿಟ್ಟರೆ ಬೇಯಲು ಗಂಟೆಗಟ್ಟಲೆ ಬೇಕು. ಪೂರ್ವದ ಕರಂಗಾಸೆಮ್ ಸೀಮೆಯಲ್ಲಿ ‘ಮೆಗಿಬುಂಗ್’ ಎಂಬ ಸಹಭೋಜನ ನಡೆಯುತ್ತದೆ. ನಡುವೆ ಅನ್ನದ ಒಂದು ರಾಶಿ, ಸುತ್ತ ಎಂಟು ಮಂದಿ. ತನ್ನ ಮುಂದಿನದನ್ನು ಮಾತ್ರ ತೆಗೆದುಕೊಳ್ಳಬೇಕು, ಕೈಯಿಂದ ಜಾರಿದ ಅಗುಳು ರಾಶಿಗೆ ಬೀಳಬಾರದು, ಉಳಿದವರು ಮುಗಿಸದೆ ಒಬ್ಬನೇ ಏಳಬಾರದು. ಕರಂಗಾಸೆಮ್ಮಿನ ಅರಸನೊಬ್ಬ ಕ್ರಿ.ಶ. 1692ರಲ್ಲಿ ಲೊಂಬೊಕ್ ದ್ವೀಪದ ಮೇಲೆ ದಂಡೆತ್ತಿ ಹೋದಾಗ ತನ್ನ ಯೋಧರನ್ನು ಹೀಗೆ ಕೂಡಿಸಿ ತಾನೂ ಅವರೊಡನೆ ಉಂಡನೆಂಬುದು ಆ ಸೀಮೆಯ ಐತಿಹ್ಯ.

ಹಾಗಾದರೆ ದುಡ್ಡು ಕೊಟ್ಟು ಉಣ್ಣುವ ಜಾಗವೇ ಇರಲಿಲ್ಲವೆ? ಇತ್ತು. ಸಂತೆಯ ಮೂಲೆಯಲ್ಲಿ, ಕುಣಿತ ನಡೆಯುವ ಬಯಲಿನ ಅಂಚಿನಲ್ಲಿ, ಹೆಂಗಸೊಬ್ಬಳು ಬುಟ್ಟಿಗಳನ್ನು ಮುಂದಿಟ್ಟುಕೊಂಡು ಕುಳಿತಿರುತ್ತಿದ್ದಳು. ಇದು ‘ವಾರುಂಗ್’. ಎಲೆಯ ಮೇಲೆ ಅನ್ನ, ಅದರ ಮೇಲೆ ಚೂರು ಮಾಂಸ, ಚೂರು ಸೊಪ್ಪು, ಖಾರ. ಇಂದು ಎಲ್ಲ ಹೋಟೆಲುಗಳ ಪಟ್ಟಿಯಲ್ಲಿರುವ ‘ನಾಸಿ ಚಂಪುರ್’, ಎಂದರೆ ಬೆರಕೆಯನ್ನ, ಈ ಬುಟ್ಟಿಯ ಬಳಗದ್ದು. ಮೆಕ್ಸಿಕೋ ದೇಶದ ಚಿತ್ರಕಾರ ಮಿಗೆಲ್ ಕೊವರ್ರುಬಿಯಾಸ್ 1930ರ ದಶಕದಲ್ಲಿ ಬಾಲಿಯಲ್ಲಿ ನೆಲಸಿ 1937ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಗಂಡಸರ ಹಬ್ಬದಡುಗೆಯನ್ನು ವಿವರವಾಗಿ ಬಣ್ಣಿಸಿದ್ದಾನೆ. ಬೀದಿಯ ತಿಂಡಿಯನ್ನು ಕೀಳೆಂದು ಕಾಣದ ಪರದೇಶಿಯರು ಆ ಕಾಲದಲ್ಲಿ ವಿರಳ.

ಈಗ ಹೋಟೆಲಿಗೆ ಬರೋಣ. 1904ರಲ್ಲಿ ಸಾನೂರಿನ ತೀರದಲ್ಲಿ ಚೀನೀ ವರ್ತಕನೊಬ್ಬನ ಹಡಗು ಒಡೆಯಿತು. ಊರವರು ಸರಕನ್ನು ದೋಚಿದರೆಂದು ಡಚ್ಚರು ಬಾದುಂಗ್ ಅರಸನಿಂದ ಪರಿಹಾರ ಕೇಳಿದರು, ಆತ ಕೊಡಲೊಲ್ಲೆನೆಂದ. 1906ನೆಯ ಸೆಪ್ಟೆಂಬರ್ 20ರಂದು ಡಚ್ಚರ ಸೇನೆ ದೆನ್‌ಪಸಾರ್ ಪಟ್ಟಣಕ್ಕೆ ನುಗ್ಗಿತು. ಅರಸ ತನ್ನ ಅರಮನೆಗೆ ಬೆಂಕಿಯಿಡಿಸಿ, ಬಿಳಿಯ ಬಟ್ಟೆಯುಟ್ಟು, ಹೆಂಡಿರು ಮಕ್ಕಳು ಪುರೋಹಿತರು ಪರಿಜನರೊಡನೆ ಬಂದೂಕುಗಳ ಎದುರಿಗೆ ನಡೆದು ಬಂದ. ಗುಂಡಿಗೆ ಬಿದ್ದವರು ಬಿದ್ದರು. ಉಳಿದವರು ತಮ್ಮ ಕಠಾರಿಗಳಿಂದಲೇ ಪ್ರಾಣ ಬಿಟ್ಟರು. ಇದನ್ನು ‘ಪುಪುತಾನ್’ ಎನ್ನುತ್ತಾರೆ. ನಮ್ಮ ಚರಿತ್ರೆಯ ಜೋಹರಿನ ನೆನಪು ಬರುತ್ತದೆ. ಆದರೆ ಇಲ್ಲಿ ಗಂಡು ಹೆಣ್ಣು ಒಂದೇ ಬಯಲಿನಲ್ಲಿ ಒಟ್ಟಿಗೆ ಸತ್ತರು. 1908ರಲ್ಲಿ ಕ್ಲುಂಗ್‌ಕುಂಗ್ ಅರಮನೆಯೂ ಹೀಗೆಯೇ ಮುಗಿಯಿತು.

ಇಪ್ಪತ್ತು ವರ್ಷ ಕಳೆಯಿತು. ಡಚ್ಚರ ಹಡಗು ಕಂಪೆನಿಯಾದ ಕೆ.ಪಿ.ಎಂ. ಪ್ರವಾಸಿಗರನ್ನು ತರಲಾರಂಭಿಸಿತು. 1928ರಲ್ಲಿ ಆ ಬಯಲಿನಿಂದ ಕೂಗಳತೆಯ ದೂರದಲ್ಲಿ ‘ಬಾಲಿ ಹೋಟೆಲು’ ತೆರೆಯಿತು. ಅದಕ್ಕೆ ಹಿಂದಿನ ವರ್ಷವಷ್ಟೇ ರವೀಂದ್ರನಾಥ ಠಾಕೂರರು ಬಾಲಿಗೆ ಹೋಗಿ ಅಲ್ಲಿನ ರಾಜರ ಅತಿಥಿಯಾಗಿದ್ದರು. 1932ರಲ್ಲಿ ಚಾರ್ಲಿ ಚಾಪ್ಲಿನ್ ಹೋದಾಗ ಇಳಿದುಕೊಂಡದ್ದು ಹೋಟೆಲಿನಲ್ಲಿ. ಅತಿಥಿ ಗಿರಾಕಿಯಾದ ಕಾಲ ಇದೇ ಎಂದು ಬೆರಳಿಟ್ಟು ತೋರಿಸಬಹುದು.

ಆ ಕಾಲದ ವಸಾಹತಿನ ಹೋಟೆಲುಗಳ ಹೆಮ್ಮೆಯ ಊಟ ‘ರೈಸ್ಟಾಫೆಲ್’. ‘ಅನ್ನದ ಮೇಜು’ ಎಂದು ಶಬ್ದಾರ್ಥ. ಬಟವಿಯದ ಹೋಟೆಲ್ ದೆಸ್ ಇಂದೆಸ್ ಇದಕ್ಕೆ ಜಗತ್ಪ್ರಸಿದ್ಧವಾಗಿತ್ತು. ದೊರೆ ಅನ್ನದ ತಟ್ಟೆಯ ಮುಂದೆ ಕುಳಿತಿರುತ್ತಾನೆ. ಬರಿಗಾಲಿನ ಪರಿಚಾರಕರು ಒಬ್ಬರ ಹಿಂದೊಬ್ಬರು ಒಂದೊಂದು ವ್ಯಂಜನ ಹಿಡಿದು ಮೆರವಣಿಗೆಯಂತೆ ಬರುತ್ತಾರೆ. ವ್ಯಂಜನಗಳು ಜಾವಾದವು, ಸುಮಾತ್ರದವು. ಜೋಡಣೆ ಮಾತ್ರ ಡಚ್ಚರದು. ಆ ನಾಡಿನ ಯಾವ ಮನೆಯಲ್ಲಿಯೂ ಯಾರೂ ಹೀಗೆ ಉಂಡವರಲ್ಲ. ದ್ವೀಪದ ಅಡುಗೆಗೆ ದ್ವೀಪದ ಮೊದಲ ದೊಡ್ಡ ಹೋಟೆಲಿನಲ್ಲಿ ಗೌರವದ ಸ್ಥಾನವಿರಲಿಲ್ಲವೆಂಬುದನ್ನು ಗಮನಿಸಬೇಕು. ಪ್ರವಾಸಿಗ ಕುಣಿತ ನೋಡಬಹುದಾಗಿತ್ತು, ಚಿತ್ರ ಕೊಳ್ಳಬಹುದಾಗಿತ್ತು. ಲಾವಾರ್ ಅವನ ಕಣ್ಣಿಗೂ ಬೀಳುತ್ತಿರಲಿಲ್ಲ.

ಆಮೇಲೆ ಯುದ್ಧ, ಜಪಾನೀಯರ ಆಳ್ವಿಕೆ, ಸ್ವಾತಂತ್ರ್ಯ. 1963ರಲ್ಲಿ ಅಗುಂಗ್ ಪರ್ವತ ಬೆಂಕಿಯುಗುಳಿ ಸಾವಿರಕ್ಕೂ ಹೆಚ್ಚು ಜನ ಸತ್ತರು. 1965–66ರ ಕಗ್ಗೊಲೆಗಳಲ್ಲಿ ಅದಕ್ಕೆ ಎಷ್ಟೋ ಪಾಲು ಹೆಚ್ಚು ಮಂದಿ ನೆರೆಹೊರೆಯವರ ಕೈಯಿಂದಲೇ ಹತರಾದರು. ಆ 1966ರಲ್ಲಿಯೇ ಸಾನೂರಿನಲ್ಲಿ ಜಪಾನಿನ ಯುದ್ಧಪರಿಹಾರದ ಹಣದಿಂದ ಕಟ್ಟಿದ ಹತ್ತು ಅಂತಸ್ತಿನ ಹೋಟೆಲು ತೆರೆಯಿತು. ಅದು ಕಣ್ಣಿಗೆ ಎಷ್ಟು ಚುಚ್ಚಿತೆಂದರೆ, ಇನ್ನು ಮುಂದೆ ತೆಂಗಿನ ಮರಕ್ಕಿಂತ ಎತ್ತರವಾಗಿ ಕಟ್ಟಬಾರದೆಂದು ನಿಯಮ ಬಂದಿತು.

ಬಾಲಿಯ ಅಡುಗೆಯನ್ನು ಮೇಜಿನ ಮೇಲೆ ತಂದವರು ಈ ದೊಡ್ಡ ಹೋಟೆಲಿನವರಲ್ಲ; ಬುಟ್ಟಿಯ ಹೆಂಗಸಿನ ವಂಶದವರು. 1969ರಲ್ಲಿ ವಿಮಾನ ನಿಲ್ದಾಣ ದೊಡ್ಡದಾದ ಮೇಲೆ, ಜೋಳಿಗೆ ಹೊತ್ತ ಉದ್ದಗೂದಲಿನ ತರುಣ ತರುಣಿಯರು ಕುಟಾ ತೀರಕ್ಕೆ ಹಿಂಡಾಗಿ ಬಂದರು. ಅವರ ಜೇಬಿನಲ್ಲಿ ದೊಡ್ಡ ಹೋಟೆಲಿಗಾಗುವಷ್ಟು ದುಡ್ಡಿರಲಿಲ್ಲ. ಬೀದಿಬದಿಯ ವಾರುಂಗುಗಳಿಗೆ ಬೆಂಚು ಬಂದಿತು, ಮೇಜು ಬಂದಿತು, ಕೊನೆಗೆ ಊಟದ ಪಟ್ಟಿ ಬಂದಿತು. ಕುಟಾದ ಮಾದೆ, ಉಬುದಿನ ಚಂಪುಹಾನ್ ಸೇತುವೆಯ ಬಳಿ 1974ರಲ್ಲಿ ವಾರುಂಗ್ ತೆರೆದ ಮೂರ್ನಿ, ಇವರ ಹೆಸರುಗಳು ಆ ದ್ವೀಪದ ಭೋಜನಶಾಲೆಗಳ ಚರಿತ್ರೆಯಲ್ಲಿ ಉಳಿದಿವೆ. ಮೊದಮೊದಲು ಬಡಿಸಿದ್ದು ಗಿರಾಕಿ ಕೇಳಿದ ಬಾಳೆಹಣ್ಣಿನ ದೋಸೆಯನ್ನು. ಮೆಲ್ಲನೆ, ಪಟ್ಟಿಯ ಕೊನೆಯಲ್ಲಿ, ‘ಒಂದು ದಿನ ಮುಂಚೆ ಹೇಳಬೇಕು’ ಎಂಬ ಒಕ್ಕಣೆಯೊಡನೆ ಬೆತುತು ಬಂದಿತು. ಹಬ್ಬದ ಅಡುಗೆ ಹಬ್ಬವಿಲ್ಲದ ದಿನ ಒಲೆಗೇರಿತು. ಗಂಡಸರ ಅಡುಗೆ ಹೆಂಗಸಿನ ಅಂಗಡಿಯಲ್ಲಿ ಮಾರಾಟಕ್ಕೆ ಬಂದಿತು.

ಉಡುಪಿಯ ಹೋಟೆಲುಗಳ ಚರಿತ್ರೆಯನ್ನು ಬಲ್ಲ ವಾಚಕರು ಇಲ್ಲಿ ಹೋಲಿಕೆ ಕಾಣುವರು. ಅಲ್ಲಿಯೂ ಮಠ ದೇವಾಲಯಗಳ ಪಾಕಶಾಲೆಯಲ್ಲಿ ಪಳಗಿದ ಕೈಗಳೇ ಪಟ್ಟಣಗಳಿಗೆ ಬಂದು ದೋಸೆ ಸಾಂಬಾರುಗಳನ್ನು ಮಾರಿದುವು. ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮ್ಸ್ ಆರಂಭವಾದುದು 1924ರಲ್ಲಿ. ಆದರೆ ವ್ಯತ್ಯಾಸ ದೊಡ್ಡದು. ಉಡುಪಿಯವರು ಬಡಿಸಿದ್ದು ಮನೆ ಬಿಟ್ಟು ಬಂದ ನಮ್ಮವರೇ ಆದ ಗುಮಾಸ್ತರಿಗೆ, ವಿದ್ಯಾರ್ಥಿಗಳಿಗೆ. ರುಚಿ ಕೆಟ್ಟರೆ ಗದರಿಸುವ ನಾಲಗೆ ಎದುರಿಗೇ ಕುಳಿತಿರುತ್ತಿತ್ತು. (ಪಂಕ್ತಿಭೇದವೂ ಜೊತೆಯಲ್ಲಿಯೇ ಬಂದಿತ್ತೆಂಬುದನ್ನು ಮರೆಯಬಾರದು.) ಬಾಲಿಯ ಭೋಜನಶಾಲೆಯ ಗಿರಾಕಿ ಆ ರುಚಿಯನ್ನು ಹಿಂದೆಂದೂ ಕಂಡವನಲ್ಲ. ಖಾರ ಇಳಿಸಿದರೂ, ತೆರಾಸಿ ಬಿಟ್ಟರೂ, ನೆತ್ತರು ಬಿಟ್ಟರೂ ಅವನಿಗೆ ತಿಳಿಯುವುದಿಲ್ಲ. ಬಾಲಿಯ ಮನೆಯಡುಗೆಯನ್ನು ಹಾಗೆ ಇಳಿಸದೆ ಬಡಿಸಬೇಕೆಂದು 1990ರ ದಶಕದಲ್ಲಿ ಹಟ ಹಿಡಿದು ಭೋಜನಶಾಲೆ ತೆರೆದವರಲ್ಲಿ ಹೈನ್ಜ್ ಫಾನ್ ಹೋಲ್ಜೆನ್ ಎಂಬ ಸ್ವಿಟ್ಜರ್ಲೆಂಡಿನ ಅಡುಗೆಯವರೂ ಒಬ್ಬರೆಂಬುದು ಈ ಕಥೆಯ ಇನ್ನೊಂದು ತಿರುವು.

ನಾನು ಉಬುದಿನಲ್ಲಿ ಉಂಡ ಭೋಜನಶಾಲೆ ಗದ್ದೆಗಳ ಅಂಚಿನಲ್ಲಿತ್ತು. ಶಾಕಾಹಾರಿಯಾದ ನನಗೆ ಏನು ಬಡಿಸಬೇಕೆಂಬುದು ಅಲ್ಲಿಯವರಿಗೆ ಸಮಸ್ಯೆಯೇ ಆಗಲಿಲ್ಲ. ತೆರಾಸಿ ಬೇಡವೆಂಬುದನ್ನು ಮಾತ್ರ ಎರಡು ಸಲ ಹೇಳಬೇಕಾಯಿತು. ಬಾಳೆಯೆಲೆ ಹಾಸಿದ ಬಿದಿರಿನ ತಟ್ಟೆಯಲ್ಲಿ ಬಿಳಿಯನ್ನ, ಸೊಪ್ಪು ಅಲಸಂದೆಗಳಿಗೆ ತೆಂಗಿನ ತುರಿ ಕಲಸಿದ ‘ಉರಬ್’, ಸೋಯಾಕಾಳು ಹುಳಿಸಿ ಮಾಡಿದ ‘ತೆಂಪೆ’, ಹಸಿ ಈರುಳ್ಳಿಯ ಖಾರ. ಉರಬ್ ನಮ್ಮ ಪಲ್ಯಕ್ಕೂ ಕೋಸಂಬರಿಗೂ ನಡುವಣ ಒಂದು ಪದಾರ್ಥ. ಕೊಬ್ಬರಿಯೆಣ್ಣೆಯ ಪರಿಮಳ ದಕ್ಷಿಣ ಕನ್ನಡದ ಅಡುಗೆಮನೆಯೊಂದರ ಹೊಸ್ತಿಲಿಗೆ ತಂದು ನಿಲ್ಲಿಸಿತು. ರುಚಿಯಾಗಿತ್ತು, ನಿಸ್ಸಂದೇಹವಾಗಿ. ಬಡಿಸಿದ ಹಿರಿಯರನ್ನು, ‘ಪಾಕ್, ಮನೆಯಲ್ಲಿಯೂ ಹೀಗೆಯೇ ಉಣ್ಣುತ್ತೀರಾ?’ ಎಂದು ಕೇಳಿದೆ. ಅವರು ನಕ್ಕು, ‘ಮನೆಯಲ್ಲಿ ಇಷ್ಟು ಬಗೆ ಇರುವುದಿಲ್ಲ, ಇಷ್ಟು ಹೊತ್ತು ಕೂರುವುದೂ ಇಲ್ಲ’ ಎಂದರು. ಪಟ್ಟಿಯ ಹಣದ ಮೇಲೆ ತೆರಿಗೆಯೂ ಸೇವೆಯ ದರವೂ ಸೇರಿದ್ದುವು.

ಆ ಬಿಳಿಯನ್ನಕ್ಕೂ ಒಂದು ಕಥೆಯುಂಟು. ಬಾಲಿಯ ಹಳೆಯ ಭತ್ತ ಎತ್ತರದ ತೆನೆಯದು, ಬೆಳೆಯಲು ಹೆಚ್ಚು ಕಾಲ ಹಿಡಿಯುವುದು. ಶ್ರೀದೇವಿಯ ಮೈಯೆಂದೇ ಅದನ್ನು ಪೂಜಿಸುತ್ತಾರೆ. ನೀರಿನ ಹಂಚಿಕೆಯನ್ನು ‘ಸುಬಕ್’ ಎಂಬ ರೈತರ ಕೂಟಗಳೂ ನೀರಿನ ದೇವಾಲಯಗಳೂ ನೋಡಿಕೊಳ್ಳುತ್ತಿದ್ದುವು. 1970ರ ದಶಕದಲ್ಲಿ ಸರಕಾರ ಹೊಸ ತಳಿಗಳನ್ನು ತಂದು, ವರ್ಷವಿಡೀ ಬಿಡುವಿಲ್ಲದೆ ಬೆಳೆಯಿರಿ ಎಂದಿತು. ದೇವಾಲಯದ ಸರದಿ ತಪ್ಪಿತು. ಹುಳುಗಳಿಗೆ ಉಪವಾಸದ ದಿನವೇ ಇಲ್ಲವಾಯಿತು. ಜಿಗಿಹುಳು ಗದ್ದೆಗಳನ್ನು ತಿಂದು ಹಾಕಿತು. ಸರದಿಯ ಪ್ರಕಾರ ಎಲ್ಲರೂ ಒಟ್ಟಿಗೆ ಗದ್ದೆಗಳನ್ನು ಬೀಡು ಬಿಡುವುದರಿಂದಲೇ ಹುಳುಗಳ ಹಾವಳಿ ತಗ್ಗುತ್ತಿತ್ತೆಂಬುದನ್ನು ಅಮೆರಿಕದ ವಿದ್ವಾಂಸ ಸ್ಟೀಫನ್ ಲ್ಯಾನ್ಸಿಂಗ್ ಲೆಕ್ಕ ಹಾಕಿ ತೋರಿಸಿದರು. 2012ರಲ್ಲಿ ಯುನೆಸ್ಕೋ ಸುಬಕ್ ವ್ಯವಸ್ಥೆಯನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಹುಳುವಿನಿಂದ ಉಳಿದ ಗದ್ದೆಗೆ ಈಗ ಭೋಜನಶಾಲೆಯೇ ಭಯ. ಗದ್ದೆಯ ನೋಟವಿರುವ ಮೇಜಿಗೆ ಗಿರಾಕಿ ಹೆಚ್ಚು ಕೊಡುತ್ತಾನೆ. ಆ ಮೇಜನ್ನು ಹಾಕಲು ಒಂದು ಗದ್ದೆ ಹೋಗಬೇಕು. ಅವನ ಹಿಂದೆ ಬಂದವನು ಅವನ ನೋಟಕ್ಕೆ ಅಡ್ಡವಾಗಿ ಇನ್ನೊಂದು ಕಟ್ಟುತ್ತಾನೆ. ನಾನು ಕುಳಿತ ಮೇಜಿನಿಂದ ಕಾಣುತ್ತಿದ್ದ ಗದ್ದೆಗಳು ಮೂರು, ಮಾಡುಗಳು ಹನ್ನೊಂದು.

ಹೀಗೆ ಬೆಳೆದ ಬದುಕು ಎಷ್ಟು ನಾಜೂಕಿನದೆಂಬುದನ್ನೂ ಆ ಜನ ಕಂಡಿದ್ದಾರೆ. 2002ರ ಅಕ್ಟೋಬರ್ 12ರಂದು ಕುಟಾದಲ್ಲಿ ಬಾಂಬು ಸಿಡಿದು 202 ಮಂದಿ ಸತ್ತರು. 2005ರಲ್ಲಿ ಬಾಂಬು ಬಿದ್ದುದು ಭೋಜನಶಾಲೆಗಳಿಗೇ. 2020ರ ಮಹಾಮಾರಿಯಲ್ಲಿ ಮೇಜುಗಳು ತಿಂಗಳುಗಟ್ಟಲೆ ಖಾಲಿ ಉಳಿದುವು. ಅಡುಗೆಯವರು, ಬಡಿಸುವವರು ಹಳ್ಳಿಗಳಿಗೆ ಹಿಂದಿರುಗಿ, ಮಾರದೆ ಉಳಿದಿದ್ದ ಗದ್ದೆಗಳಿಗೆ ಇಳಿದರು. ಮಾರಿದ್ದವರು ಕಡಲಪಾಚಿಯ ಕೃಷಿಗೆ, ಇತರ ಕೂಲಿಗೆ ಹೋದರು.

ಬಾಲಿಯ ಪಂಚಾಂಗದಲ್ಲಿ 210 ದಿನಗಳಿಗೊಮ್ಮೆ ಗಲುಂಗನ್ ಹಬ್ಬ ಬರುತ್ತದೆ. ಅದರ ಹಿಂದಿನ ದಿನ ಪೆನಂಪಾಹನ್, ಬಲಿಯ ದಿನ. ಆ ದಿನ ಎಷ್ಟೋ ವಾರುಂಗುಗಳ ಬಾಗಿಲು ಮುಚ್ಚಿರುತ್ತದೆ. ದೊಡ್ಡ ಹೋಟೆಲುಗಳ ಅಡುಗೆಯವರು ರಜೆಗಾಗಿ ವಾರ ಮೊದಲೇ ಪೈಪೋಟಿ ನಡೆಸುತ್ತಾರೆ. ವರ್ಷವೆಲ್ಲ ಬಿಳಿಯ ಟೋಪಿ ತೊಟ್ಟು ಪರದೇಶದವರಿಗೆ ಬೆತುತು ಮಾಡಿದವನು ನಸುಕಿನ ನಾಲ್ಕು ಗಂಟೆಗೆ ಸೊಂಟಕ್ಕೆ ಪಂಚೆ ಸುತ್ತಿ, ತನ್ನ ಕತ್ತಿ ಹಿಡಿದು ಬಂಜಾರಿಗೆ ಹೋಗುತ್ತಾನೆ. ಅಲ್ಲಿ ಅವನು ಕೊಚ್ಚುವವರಲ್ಲಿ ಒಬ್ಬ, ಅಷ್ಟೆ. ಉಪ್ಪಿನ ಮಾತು ಬಂದಾಗ ಅವನೂ ಸುಮ್ಮನೆ ಆ ಹಿರಿಯನ ಮುಖವನ್ನೇ ನೋಡುತ್ತಾನೆ.